ಒಂದೇ ಕೊಪ್ಪರಿಗೆಯ ಸಾರು

ನಮ್ಮೂರಿನಲ್ಲಿ ಎರಡು ಪಕ್ಷಗಳಿವೆ ಎಂಬುದು ಮೊದಲು ಗೊತ್ತಾದದ್ದು ನನ್ನ ಸಾರಿನಿಂದ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆ ದಿನ ನನಗೆ ಜ್ವರ ಬಂದು ಮಲಗಿದ್ದರೆ, ಇಲ್ಲವೇ ಬೇಳೆ ತಳ ಹಿಡಿದು ಸೀದುಹೋಗಿದ್ದರೆ, ಇನ್ನೊಂದಷ್ಟು ಕಾಲ ಎಲ್ಲರೂ ಅಣ್ಣ ತಮ್ಮ ಎಂದುಕೊಂಡೇ ಇರುತ್ತಿದ್ದರೇನೋ ಅಂತ ಈಗಲೂ ಅನ್ನಿಸುತ್ತದೆ. ಈಗ ಬೇರೆಯವರ ಒಲೆಯ ಮುಂದೆ ಕೂತು ಇದನ್ನು ಹೇಳುತ್ತಿದ್ದೇನೆ. ಸುಳ್ಳು ಹೇಳಿ ನನಗೆ ಆಗಬೇಕಾದದ್ದು ಏನೂ ಇಲ್ಲ.

ದೊರೆಯನ್ನು ಹೊಳೆಯಾಚೆಗೆ ಓಡಿಸಿದ ಮೇಲೆ ನಮ್ಮ ಎಂಟು ಕೇರಿಯವರು ಒಟ್ಟಿಗೆ ಕೂತು, ಇನ್ನು ಮೇಲೆ ನಮ್ಮನ್ನು ನಾವೇ ಆಳಿಕೊಳ್ಳೋಣ ಎಂದು ಒಂದು ಸನ್ನದು ಬರೆದರು. ಕೇರಿಗೆ ಇಬ್ಬರಂತೆ ಹದಿನಾರು ಜನ ಸದಸ್ಯರು, ಅವರ ಮೇಲೊಬ್ಬ ಅಧ್ಯಕ್ಷ, ಎಲ್ಲ ಸೇರಿ ಒಂದು ಸಭೆ. ಸನ್ನದಿನ ಮಾತುಗಳನ್ನು ಅವರೆಲ್ಲ ಹೇಳಿದರು. ಕೈಯಾರೆ ಬರೆದದ್ದು ಮಾತ್ರ ನಮ್ಮವರು. ಸಭೆಯ ಕರಣಿಕ ತಿಮ್ಮರಸಯ್ಯ ಎಂದರೆ ನನ್ನ ಗಂಡ. ಅವರ ಅಕ್ಷರ ಎಷ್ಟು ದುಂಡಗೆಂದರೆ, ಓದು ಬಾರದವರೂ ಆ ಸನ್ನದನ್ನು ನೋಡಲು ಸಭಾಮನೆಗೆ ಬರುತ್ತಿದ್ದರು. ನಾನು ಅದೇ ಸಭಾಮನೆಯ ಅಡಿಗೆಯವಳು. ಗಂಡ ಜಗಲಿಯ ಮೇಲೆ ಬರೆಯುವುದು, ಹೆಂಡತಿ ಹಿತ್ತಲ ಕಡೆ ಬೇಯಿಸುವುದು, ಹೀಗೆ ನಮ್ಮ ಸಂಸಾರ ಊರಿನ ಹೊಸ ಆಳ್ವಿಕೆಯ ಜೊತೆಗೇ ನಡೆದುಕೊಂಡು ಹೋಗುತ್ತಿತ್ತು.

ಸನ್ನದಿನ ಕೊನೆಯ ಕಲಮನ್ನು ಹೇಳಿ ಬರೆಸಿದವರು ನಮ್ಮ ಮೊದಲ ಅಧ್ಯಕ್ಷರು, ದೊಡ್ಡಯ್ಯನವರು. ದೊರೆಯ ದಂಡನ್ನು ಹೊಳೆಯವರೆಗೆ ಅಟ್ಟಿದ ಮನುಷ್ಯ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಮತ ಹಾಕುವ ದಿನ ಸದಸ್ಯರೆಲ್ಲರೂ, ಅಧ್ಯಕ್ಷರೂ, ಕರಣಿಕರೂ ಒಂದೇ ಪಂಕ್ತಿಯಲ್ಲಿ ಕೂತು ಒಂದೇ ಕೊಪ್ಪರಿಗೆಯ ಸಾರು ಉಣ್ಣಬೇಕು, ಉಣ್ಣದವರ ಮತ ಮತವಲ್ಲ ಅಂತ ಆ ಕಲಮು. ಬಡಿಸುವ ಮುಂಚೆ ಅಡಿಗೆಯವಳು ಎಲ್ಲರ ಎದುರಿಗೆ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು, ನೆಕ್ಕಿ, ‘ಹದವಾಗಿದೆ’ ಎನ್ನಬೇಕು. ದೊರೆಯ ಕಡೆಯವರು ವಿಷ ಹಾಕಿಸಿಯಾರು ಎಂಬ ಹೆದರಿಕೆಗೆ ಮಾಡಿದ ನೇಮ ಅದು. ತಿಂಗಳಿಗೆ ಒಂದು ದಿನ ಇದು ನಡೆಯುತ್ತಿತ್ತು.

ಎಂಟು ವರ್ಷ ಆಳಿ ದೊಡ್ಡಯ್ಯ ಒಂದು ದಿನ ‘ಸಾಕು’ ಎಂದರು. ಊರೆಲ್ಲ ಕಾಲಿಗೆ ಬಿದ್ದರೂ ಕೇಳಲಿಲ್ಲ. ಹೊರಡುವ ದಿನ ಸಭೆಯ ಎದುರಿಗೆ ನಿಂತು ಅವರು ಹೇಳಿದ್ದನ್ನು ನಾನು ಅಡಿಗೆಮನೆಯ ಬಾಗಿಲಿಂದ ಕೇಳಿಸಿಕೊಂಡೆ. “ಜಗಳ ಆಡಿ, ಬ್ಯಾಡ ಅನ್ನಲ್ಲ. ಗುಂಪು ಮಾತ್ರ ಕಟ್ಕೋಬ್ಯಾಡಿ. ಗುಂಪು ಕಟ್ಕೊಂಡ್ ಮೇಲೆ ಎದುರಿಗಿರೋನು ಏನ್ ಹೇಳ್ದ ಅನ್ನೋದು ಯಾರ ಕಿವಿಗೂ ಬೀಳಕಿಲ್ಲ, ಯಾರ್ ಹೇಳ್ದ ಅನ್ನೋದಷ್ಟೇ ಬೀಳೋದು.” ಇಷ್ಟು ಹೇಳಿ ಕುದುರೆ ಹತ್ತಿ ತಮ್ಮ ಹೊಲದ ಕಡೆ ಹೊರಟುಹೋದರು. ಸದಸ್ಯರೆಲ್ಲ ಕಣ್ಣೊರೆಸಿಕೊಂಡರು.

ಮಾರನೇ ತಿಂಗಳು ಮತದ ದಿನ ಬಂತು. ಅವತ್ತಿನ ವಿಷಯ ಊರ ಕಣಜದ ಕೀಲಿಯದು. ಕೀಲಿ ಒಂದೇ ಇರಬೇಕು, ಸಭಾಮನೆಯಲ್ಲಿರಬೇಕು ಎಂದು ಕೆಲವರು. ಇಲ್ಲ, ಎಂಟು ಕೇರಿಗೂ ಒಂದೊಂದು ಕಣಜ, ಒಂದೊಂದು ಕೀಲಿ ಇರಬೇಕು, ಎಲ್ಲವನ್ನೂ ಒಂದೇ ಮನೆಯಲ್ಲಿಟ್ಟರೆ ನಾಳೆ ಅಲ್ಲೇ ಇನ್ನೊಬ್ಬ ದೊರೆ ಹುಟ್ಟುತ್ತಾನೆ ಎಂದು ಉಳಿದವರು. ಬೆಳಗಿನಿಂದ ಕೂಗಾಡಿ ಹಸಿದು ಎಲೆಯ ಮುಂದೆ ಕೂತರು. ನಾನು ನೆಕ್ಕಿ ನೋಡಿದೆ; ನನಗೇ ಒಂದು ಕಲ್ಲು ಉಪ್ಪು ಹೆಚ್ಚಾಯಿತು ಅನ್ನಿಸಿತು, ಆದರೂ ‘ಹದವಾಗಿದೆ’ ಎಂದು ಬಡಿಸಿದೆ.

“ಏನಮ್ಮಾ, ಉಪ್ಪಿನ ಮೂಟೆನೇ ಮಗುಚ್ಕೊಂತಾ?” ಎಂದರು ಮುದ್ದರಂಗಪ್ಪನವರು. ಮೇಲಿನ ಕೇರಿಯ ಸದಸ್ಯರು, ಕೀಲಿ ಒಂದೇ ಇರಬೇಕು ಎನ್ನುವವರ ಪೈಕಿ ಮೊದಲನೆಯವರು.

ಎದುರು ಸಾಲಿನಲ್ಲಿ ಕುಂಬಾರ ಕೇರಿಯ ಹೊನ್ನಗಿರಿಯಪ್ಪ ತಲೆ ಎತ್ತಿದರು. “ಉಪ್ಪೇ ಇಲ್ವಲ್ಲ ಸ್ವಾಮಿ! ಅಡಿಗೆಯಮ್ಮ, ಮರ್ತ್‌ಬಿಟ್ಟಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಒಬ್ಬೊಬ್ಬರಾಗಿ ಉಪ್ಪು ಎಂದರು, ಸಪ್ಪೆ ಎಂದರು. ಒಂಬತ್ತು ಜನಕ್ಕೆ ಬಾಯಿಗಿಡಲಾರದಷ್ಟು ಉಪ್ಪು, ಏಳು ಜನಕ್ಕೆ ನೀರಿನಷ್ಟು ಸಪ್ಪೆ. ಊಟವಾದ ಮೇಲೆ ಮತ ಹಾಕಿದರು. ಕೀಲಿ ಒಂದೇ ಎಂದವರು ಒಂಬತ್ತು ಜನ, ಎಂಟು ಎಂದವರು ಏಳು ಜನ. ಅದೇ ಒಂಬತ್ತು, ಅದೇ ಏಳು. ಬರೆದುಕೊಳ್ಳುತ್ತಿದ್ದ ನಮ್ಮವರ ಲೇಖನಿ ನಿಂತಿತು. ಯಾರೂ ನಗಲಿಲ್ಲ.

ವಾರ ಕಳೆಯುವುದರೊಳಗೆ ಊರಿನ ಎಲ್ಲ ನಾಲಿಗೆಗಳೂ ಹೀಗೆ ಆದವು. ಕೀಲಿ ಒಂದೇ ಎನ್ನುವ ಸಭೆಯ ಕಡೆಯವರಿಗೆ ಚಿಟಿಕೆ ಹಾಕಿದರೂ ಉಪ್ಪು, ಎಂಟು ಎನ್ನುವ ಕೇರಿಯ ಕಡೆಯವರಿಗೆ ಹಿಡಿ ಹಾಕಿದರೂ ಸಪ್ಪೆ. ಅವರಿಗೆ ಉಪ್ಪಿನವರು, ಇವರಿಗೆ ಸಪ್ಪೆಯವರು ಎಂದು ಹೆಸರಾಯಿತು. ಅತ್ತೆ ಒಂದಾದರೆ ಸೊಸೆ ಇನ್ನೊಂದಾಗಿ, ಒಂದೊಂದು ಮನೆಯಲ್ಲಿ ಎರಡೆರಡು ಒಲೆ ಉರಿದವು. ಹೆಣ್ಣು ನೋಡಲು ಹೋದವರು ಹಾಡು ಹಸೆ ಬಿಟ್ಟು ಮೊದಲು ಅವರ ಮನೆಯ ಸಾರು ಕೇಳತೊಡಗಿದರು. ದೇವಸ್ಥಾನದಲ್ಲಿ ಪುಳಿಯೋಗರೆ ನಿಲ್ಲಿಸಿ ವರ್ಷವಿಡೀ ಸಕ್ಕರೆ ಪೊಂಗಲು ಮಾಡಿಸಿದರು. ಗೋಡೆಯಾಚೆಯಿಂದ ‘ಒಂದು ಬಟ್ಟಲು ಹುಳಿ ಕೊಡ್ರೀ’ ಎಂದು ಕೇಳುವ ವಾಡಿಕೆ ತಾನಾಗಿ ನಿಂತುಹೋಯಿತು. ಅಂಗಡಿಯಲ್ಲಿ ಉಪ್ಪು ಕೇಳುವಾಗ, ತಾವು ಯಾವ ಕಡೆಯವರೆಂದು ತಿಳಿಯಬಾರದೆಂದು, ಎಲ್ಲರೂ ಅಚ್ಚುಕಟ್ಟಾಗಿ ವಾರಕ್ಕೆ ಒಂದೇ ಪಾವು ಕೇಳುತ್ತಿದ್ದರು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮನುಷ್ಯ ಯಾವುದಕ್ಕೆ ಬೇಕಾದರೂ ಹೊಂದಿಕೊಳ್ಳುತ್ತಾನೆ ನೋಡಿ, ನನಗೆ ನಾಚಿಕೆಯಾಗುವುದು ಅದಕ್ಕೇ.

ಹೆದರಿಕೆ ಶುರುವಾದದ್ದು ಮುದ್ದರಂಗಪ್ಪನವರು ಅಧ್ಯಕ್ಷರಾದ ಮೇಲೆ. ಅವರು ಕೆಟ್ಟವರಲ್ಲ, ನನ್ನ ಮಾತು ನಂಬಿ, ಹೆದರಿದ್ದವರು. ಹೊಳೆಯಾಚೆ ದೊರೆ ಮತ್ತೆ ದಂಡು ಕಟ್ಟುತ್ತಿದ್ದಾನೆ ಎಂಬ ಸುದ್ದಿಯಿತ್ತು, ಸಪ್ಪೆಯವರು ಅವನಿಗೆ ಬಾಗಿಲು ತೆಗೆಯುತ್ತಾರೆ ಎಂದು ಅವರು ನಿಜವಾಗಿ ನಂಬಿದ್ದರು. ಸಪ್ಪೆಯವರೋ, ಇವರೇ ಹೊಸ ದೊರೆಗಳು ಎಂದು ಅಷ್ಟೇ ನಿಜವಾಗಿ ನಂಬಿದ್ದರು. ಒಂಬತ್ತು ಏಳರ ಮತದಲ್ಲಿ ಬಾಯಿ ಕಾಯಿದೆ ಬಂತು. ಸಭೆಯನ್ನು ಹಳಿದವರನ್ನು ದೋಣಿ ಹತ್ತಿಸಿ ಆಚೆ ದಡಕ್ಕೆ ಬಿಡುವುದು. ಸಭೆಯ ಚಾಕರಿಯಲ್ಲಿದ್ದವರು ಸಪ್ಪೆಯವರಾಗಿ ಅದನ್ನು ಮುಚ್ಚಿಟ್ಟರೆ ಅವರನ್ನೂ ಆಚೆಗೆ ಬಿಡುವುದು. ಒಬ್ಬರು ಸಿಕ್ಕಿಬಿದ್ದರೆ ಅವರ ಮನೆಯವರೆಲ್ಲರ ನಾಲಿಗೆಯನ್ನೂ ಪರೀಕ್ಷಿಸುವುದು. ಆಚೆ ದಡದಲ್ಲಿ ದೊರೆಯ ಆಳುಗಳು ಕಾದಿರುತ್ತಿದ್ದರು. ಅವನ ವಿರುದ್ಧ ಸನ್ನದು ಮಾಡಿದವರು ಸಿಕ್ಕರೆ ನೇಣು, ಉಳಿದವರಿಗೆ ಅರಮನೆಯ ಜೀತ. ಸನ್ನದು ಯಾರ ಅಕ್ಷರದಲ್ಲಿದೆ ಎಂದು ದೊರೆಗೆ ಗೊತ್ತಿತ್ತು.

ಪರೀಕ್ಷೆಯ ಕೆಲಸಕ್ಕೆ ಪಾರುಪತ್ತೇಗಾರ ದಾಸೇಗೌಡ ಎಂಬುವನನ್ನು ಇಟ್ಟರು. ಮರದ ಚಮಚ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಮನೆಗಳಿಗೆ ನುಗ್ಗುತ್ತಿದ್ದ. ಮಾತು ಒರಟಲ್ಲ. “ತಾಯೀ, ಒಂಚೂರು ಸಾರು ಬಿಡಿ,” ಎನ್ನುತ್ತಿದ್ದ, ಬಾಯಲ್ಲಿ ಹೊರಳಿಸಿ ನೋಡಿ ಏನೂ ಹೇಳದೆ ಹೊರಟುಹೋಗುತ್ತಿದ್ದ.

ಮೊದಲು ದೋಣಿ ಹತ್ತಿದವನು ನಮ್ಮ ಪಕ್ಕದ ಮನೆಯ ಗಾಣದ ಬಸಪ್ಪ. ಗಾಣ ತಿರುಗಿಸುತ್ತಾ, “ಒಬ್ಬ ದೊರೆ ಹೋದ, ಒಂಬತ್ತು ಜನ ಬಂದ್ರು,” ಎಂದಿದ್ದನಂತೆ. ಎಣ್ಣೆಗೆ ಬಂದ ಯಾರೋ ಕೇಳಿಸಿಕೊಂಡರು. ಅವನ ಹುಕುಂ ಬರೆದವರು ನಮ್ಮವರು; ಕರಣಿಕರಲ್ಲದೆ ಇನ್ಯಾರು ಬರೆಯುತ್ತಾರೆ? ಅವತ್ತು ಮನೆಗೆ ಬಂದು ಕೈಯನ್ನು ಸೀಗೆಪುಡಿ ಹಾಕಿ ತೊಳೆದುಕೊಂಡರು. ಮಸಿ ಹೋಗಿದ್ದರೂ ತೊಳೆಯುತ್ತಲೇ ಇದ್ದರು.

ಮಾರನೇ ದಿನ ಎಲೆಯ ಮುಂದೆ ಕೂತು ಒಂದು ತುತ್ತು ತಿಂದು ನನ್ನ ಮುಖ ನೋಡಿದರು. “ಇವತ್ತು ಉಪ್ಪು ಹಾಕಿಲ್ವಾ?”

ನಾನು ಹೋಗಿ ಬೀದಿ ಬಾಗಿಲ ಅಗಳಿ ಹಾಕಿ ಬಂದೆ. ಹಾಕಿದ್ದೆ, ದಿನಾ ಹಾಕುವಷ್ಟೇ ಹಾಕಿದ್ದೆ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನನಗೆ ಅಂಥ ಭಯ ಯಾವತ್ತೂ ಆಗಿರಲಿಲ್ಲ. ಅವರು ನೇಣಿಗೆ ಹೋಗುವ ಮನುಷ್ಯ, ಮತ್ತು ಅದಕ್ಕೆ ಒಂದು ತುತ್ತು ಅನ್ನ ಸಾಕು.

“ಯಾರಿಗೂ ಹೇಳ್ಬೇಡಿ,” ಎಂದೆ.

“ಯಾರಿಗೆ ಹೇಳ್ಲೇ? ಹೇಳ್ದೆ ಇದ್ರೂ ಗೊತ್ತಾಗತ್ತಲ್ಲ. ಬರೋ ಮತದ ದಿನ ದಾಸೇಗೌಡ ಚಾಕರಿಯೋರಿಗೆಲ್ಲ ತಾನೇ ಬಟ್ಟಲು ಕೊಡ್ತಾನಂತೆ. ಒಂದು ಹಿಡಿ ಉಪ್ಪು ಹಾಕಿರೋ ಸಾರು. ಉಗುಳಿದ್ರೆ ಉಪ್ಪಿನೋನು, ನುಂಗಿದ್ರೆ ಸಪ್ಪೆಯೋನು.”

“ಹಂಗಾದ್ರೆ ಉಗುಳೋದು ಕಲೀರಿ.”

ಕಲಿಸಿದೆ. ದಿನಾ ಬೆಳಿಗ್ಗೆ ಸಭೆಗೆ ಹೊರಡುವ ಮುಂಚೆ ಅಡಿಗೆಮನೆಯಲ್ಲಿ ಕೂರಿಸಿ, ಸಾರಿನ ಬಟ್ಟಲಿಗೆ ಒಂದು ಹಿಡಿ ಉಪ್ಪು ಹಾಕಿ ಕೊಡುತ್ತಿದ್ದೆ. ನನಗೆ ಅದು ಬಾಯಿಗಿಡಲಾರದಷ್ಟು ಉಪ್ಪು, ಅವರಿಗೆ ಹದವಾಗಿರುತ್ತಿತ್ತು. ಕುಡಿದು ಸಂಕಟಪಡುವ ಹಾಗೆ ನಟಿಸಬೇಕು. ಶುರುವಿನಲ್ಲಿ ಅವರ ಮುಖ ನೋಡಿ ಅಷ್ಟು ಭಯದಲ್ಲೂ ನಗು ಬಂತು. ಹಲ್ಲುನೋವು ಬಂದವರ ಹಾಗೆ ಕೆನ್ನೆ ಹಿಡಿದುಕೊಳ್ಳುತ್ತಿದ್ದರು. “ಅದಲ್ಲ, ಗಂಟಲು ಎತ್ತಬೇಕು, ಕಣ್ಣಲ್ಲಿ ನೀರು ಬರಬೇಕು, ಆಮೇಲೆ ಕೈ ಬಾಯಿಗೆ ಹೋಗಬೇಕು,” ಎಂದು ನಾನೇ ಉಪ್ಪು ಕುಡಿದು ತೋರಿಸಿದೆ. ಎಲ್ಲ ಕಲಿತರು, ಅದೊಂದು ಮಾತ್ರ ಬರಲೇ ಇಲ್ಲ. ನಿಜವಾಗಿ ಉಪ್ಪಾದವನಿಗೆ ಮೊದಲು ಕಣ್ಣು ತುಂಬುತ್ತದೆ, ಕೈ ಆಮೇಲೆ ಏಳುತ್ತದೆ. ಇವರಿಗೆ ಕೈ ಮೊದಲು ಎದ್ದುಬಿಡುತ್ತಿತ್ತು. ಎಷ್ಟು ಹೇಳಿದರೂ ಕೈಯೇ ಮೊದಲು.

“ಬಾಯಿಗಿಡೋ ಹಂಗಿಲ್ಲ ಅಂತ ಜೋರಾಗಿ ಹೇಳಿ. ಮಾತು ಕೇಳೋರು ಕೈ ನೋಡಲ್ಲ,” ಎಂದೆ.

“ಸನ್ನದಿನಲ್ಲಿ ಎಲ್ಲಾರೂ ತಮಗನಿಸಿದ್ದು ಹೇಳಬಹುದು ಅಂತ ನಾನೇ ಬರೆದಿದೀನಲ್ಲೇ,” ಎಂದರು. ಇನ್ನೊಂದು ಹಿಡಿ ಉಪ್ಪು ಹಾಕಿ ಬಟ್ಟಲು ಮುಂದಿಟ್ಟೆ.

ಮತದ ದಿನ ಬೆಳಿಗ್ಗೆ ನೋಡಿದರೆ ಒಗ್ಗರಣೆಗೆ ಎಣ್ಣೆಯಿಲ್ಲ. ಗಾಣ ನಿಂತು ಮೂರು ವಾರವಾಗಿತ್ತು. ಬಸಪ್ಪನ ಹೆಂಡತಿ ಕೆಂಚಮ್ಮನ ಬಾಗಿಲಿಗೆ ಹೋಗಿ ಗಿಂಡಿ ಹಿಡಿದು ನಿಂತೆ. ಅವಳು ಒಳಗೆ ಹೋಗಿ, ಗಡಿಗೆಯ ತಳದಲ್ಲಿದ್ದುದನ್ನೆಲ್ಲ ಬಗ್ಗಿಸಿ ನನ್ನ ಗಿಂಡಿಗೆ ಬಿಟ್ಟಳು. ಬೈಯುತ್ತಾಳೆ ಎಂದುಕೊಂಡಿದ್ದೆ.

“ಹುಕುಂ ಕಾಗದ ಒಂದ್ಸಲ ನೋಡಿದೆ ಕಣಕ್ಕ, ದೋಣಿ ಹತ್ರ. ನಂಗೆ ಓದಾಕ್ ಬರಲ್ಲ. ಅಕ್ಷರ ಮಾತ್ರ ಮುತ್ತು ಪೋಣಿಸ್ದಂಗಿತ್ತು,” ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅದೇ ನನ್ನನ್ನು ಕೊಂದುಹಾಕಿತು. ಎಣ್ಣೆ ತೆಗೆದುಕೊಂಡು ಸಭಾಮನೆಯವರೆಗೂ ಅಳುತ್ತಾ ಹೋದೆ.

ಅವತ್ತು ಬೇಳೆ ಬೇಗ ಬೆಂದಿತು. ಹುಣಿಸೆಹಣ್ಣು ಕಿವುಚಿ, ಪುಡಿ ಹಾಕಿ, ಉಪ್ಪು ಹಾಕಿದೆ. ನೆಕ್ಕಿ ನೋಡಿದೆ, ಸಾಲದು. ಮತ್ತೆ ಹಾಕಿದೆ, ಸಾಲದು. ಮನಸ್ಸು ದಾಸೇಗೌಡನ ಬಟ್ಟಲಿನ ಮೇಲಿತ್ತು, ನಮ್ಮವರ ಕೈಯ ಮೇಲಿತ್ತು. ಸಾರಿನ ಪ್ರಮಾಣ ಹೆಚ್ಚಾಗಿರಬೇಕು ಎಂದುಕೊಂಡು ಇನ್ನಷ್ಟು ಹಾಕಿದೆ. ಆಗ ಸರಿಯಾಯಿತು. ಬಹಳ ದಿನದ ಮೇಲೆ ಸಾರಿಗೆ ಸಾರಿನ ರುಚಿ ಬಂದಿದೆ ಅನ್ನಿಸಿ ಒಂದು ಘಳಿಗೆ ಸಮಾಧಾನವೂ ಆಯಿತು.

ಪಂಕ್ತಿ ಕೂತಿತು. ಒಂದು ಸಾಲಿನಲ್ಲಿ ಒಂಬತ್ತು ಜನ, ಎದುರು ಸಾಲಿನಲ್ಲಿ ಏಳು. ಮುದ್ದರಂಗಪ್ಪನವರು ಒಂಬತ್ತರಲ್ಲಿ ಒಬ್ಬರಾಗಿದ್ದುಕೊಂಡೇ ಅಧ್ಯಕ್ಷರಾಗಿ ಮೇಲೆ ಕೂತಿದ್ದರು. ಬಾಗಿಲ ಪಕ್ಕದಲ್ಲಿ ನಮ್ಮವರು, ಅವರ ಬಲಕ್ಕೆ ಕಾಗದ, ಮಸಿಕುಡಿಕೆ. ಅವರ ಹಿಂದೆ ದಾಸೇಗೌಡ ಬಟ್ಟಲು ಹಿಡಿದು ನಿಂತಿದ್ದ. ನಾನು ಅಂಗೈಗೆ ಸಾರು ಬಿಟ್ಟುಕೊಂಡು ನೆಕ್ಕಿ, ಎಲ್ಲರಿಗೂ ಕೇಳುವ ಹಾಗೆ “ಹದವಾಗಿದೆ” ಎಂದೆ. ಬಡಿಸಿದೆ.

ಮೊದಲು ಹೊನ್ನಗಿರಿಯಪ್ಪನವರು ಸೊರ್ ಎಂದು ಎಳೆದುಕೊಂಡರು. “ಆಹಾ!” ಎಂದರು. ಅವರ ಸಾಲಿನ ಏಳೂ ಜನ ತಲೆ ಎತ್ತದೆ ಉಣ್ಣತೊಡಗಿದರು, ಎಷ್ಟೋ ತಿಂಗಳಿಂದ ಉಪವಾಸವಿದ್ದವರ ಹಾಗೆ. ಆಗ ನನಗೆ ಅರ್ಥವಾಯಿತು. ಇಷ್ಟು ದಿನ ಅವರ ನಾಲಿಗೆಯನ್ನು ಕಾದುಕೊಂಡು ಕೂತವಳು ನನ್ನದನ್ನು ನೋಡಿಕೊಂಡಿರಲಿಲ್ಲ.

ಈಚೆ ಸಾಲಿನಲ್ಲಿ ಕೆಮ್ಮು ಎದ್ದಿತು. ಉಗುಳಿದರು, ನೀರಿಗೆ ಕೂಗಿದರು. ನಾನು ಮುಖ ನೋಡಲಿಲ್ಲ. ಮೂರು ವಾರದಿಂದ ಕಲಿಸಿ ಕಲಿಸಿ ನನ್ನ ಕಣ್ಣು ತಾನಾಗಿ ಕೈಗಳ ಮೇಲೆ ಹೋಯಿತು. ನಾಲ್ಕು ಜನಕ್ಕೆ ಕಣ್ಣು ತುಂಬಿ ಆಮೇಲೆ ಕೈ ಎದ್ದಿತು. ಇನ್ನು ಐದು ಜನರ ಕೈ ಮೊದಲೇ ಎದ್ದಿತ್ತು. ಐದನೆಯದು ಮುದ್ದರಂಗಪ್ಪನವರ ಕೈ. ಅವರಿಗೂ ಮನೆಯಲ್ಲಿ ಯಾರೋ ಬಾಗಿಲ ಅಗಳಿ ಹಾಕಿ, ಎದುರಿಗೆ ಕೂತು, ಬಟ್ಟಲು ಹಿಡಿದು ಕಲಿಸಿದ್ದಾರೆ. ಐದೂ ಜನ ಬಾಯಿ ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದರು. ನನಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತಾಯಿತು.

ಆ ಏಳಕ್ಕೆ ಈ ಐದು ಸೇರಿದರೆ ಹನ್ನೆರಡು. ಒಬ್ಬರು ಬಾಯಿ ಬಿಟ್ಟಿದ್ದರೆ ಬಾಯಿ ಕಾಯಿದೆ ಆ ಎಲೆಗಳ ಮೇಲೇ ಸತ್ತುಬೀಳುತ್ತಿತ್ತು. ಒಬ್ಬರಿಗೆ ಇನ್ನೊಬ್ಬರು ಹಾಗಿದ್ದಾರೆಂದು ತಿಳಿಯದು, ತಿಳಿದಿದ್ದವಳು ನಾನೊಬ್ಬಳೇ. ನಾನೂ ಬಾಯಿ ಬಿಡಲಿಲ್ಲ. ಕೈಗಳ ವಿಷಯ ಎತ್ತಿದರೆ ದಾಸೇಗೌಡ ಮೊದಲು ನೋಡುವುದು ತನ್ನ ಮುಂದೆಯೇ ಕೂತವರ ಕೈಯನ್ನು.

ನಮ್ಮವರ ಕೈಯೂ ಬಾಯಿಯ ಹತ್ತಿರವೇ ಇತ್ತು. ಸಾರು ಹದವಾಗಿದೆ ಎಂದು ನಾಲಿಗೆಗೆ ತಿಳಿದ ಕ್ಷಣವೇ ನನ್ನ ವಿಷಯ ಅವರಿಗೆ ತಿಳಿದಿರಬೇಕು. ಆದರೂ ಕಲಿಸಿದ್ದು ಕಲಿಸಿದ ಹಾಗೇ ನಡೆದುಹೋಗಿತ್ತು. ದಾಸೇಗೌಡ ಬಗ್ಗಿ, “ಹ್ಯಾಗಿದೆ ಕರಣಿಕರೇ?” ಎಂದ.

“ಬಾಯಿಗಿಡೋ ಹಂಗಿಲ್ಲ,” ಎಂದರು. ಜೋರಾಗಿ ಹೇಳಲು ಕಲಿಸಿದ್ದೆ, ಮೆಲ್ಲಗೆ ಹೇಳಿದರು.

ದಾಸೇಗೌಡ ಬಟ್ಟಲನ್ನು ಕೆಳಗಿಟ್ಟ. ಅವನ ಒಂದು ಹಿಡಿ ಉಪ್ಪು ಬೇಕೇ ಆಗಲಿಲ್ಲ. “ಅಡಿಗೆಯಮ್ಮ ಹದವಾಗಿದೆ ಅಂದ್ರು. ಎಲ್ರೂ ಕೇಳಿದೀರಿ,” ಎಂದ. ಕೋಪವಿಲ್ಲ, ದಿನದ ಕೆಲಸ. ಎದುರು ಸಾಲಿನಲ್ಲಿ ಹೊನ್ನಗಿರಿಯಪ್ಪನವರ ತುತ್ತು ಅರ್ಧಕ್ಕೆ ನಿಂತಿತು. ಅಷ್ಟು ರುಚಿಯಾಗಿ ಉಂಡವರಲ್ಲಿ ಒಬ್ಬರಾದರೂ ನನಗಾಗಿ ಒಂದು ಮಾತು ಆಡಿಯಾರು ಎಂದು ಕಾದೆ. ಎಲೆ ನೋಡಿಕೊಂಡು ಕೂತರು.

“ಕರಣಿಕರೇ, ಹುಕುಂ ಬರ್ಕೊಳ್ಳಿ,” ಎಂದರು ಮುದ್ದರಂಗಪ್ಪ.

ನಮ್ಮವರು ಕೈ ತೊಳೆದು, ಪಂಚೆಯ ಅಂಚಿಗೆ ಒರೆಸಿಕೊಂಡು, ಕಾಗದ ಎಳೆದುಕೊಂಡರು. ಲೇಖನಿಯನ್ನು ಮಸಿಯಲ್ಲಿ ಅದ್ದಿ ಹಾಗೇ ಹಿಡಿದುಕೊಂಡರು. ಅವತ್ತಿನ ನನ್ನ ಎಲ್ಲ ಹೆದರಿಕೆಗಿಂತ ದೊಡ್ಡ ಹೆದರಿಕೆ ಆಗ ಬಂತು. ಎಲ್ಲಿ ಲೇಖನಿ ಕೆಳಗಿಡುತ್ತಾರೋ, ಎಲ್ಲಿ ಎದ್ದು ನಿಂತು ‘ನನಗೂ ಹದವಾಗಿದೆ’ ಎಂದುಬಿಡುತ್ತಾರೋ ಎಂದು. ಅವರು ಅಂಥವರೇ, ನನಗೆ ಗೊತ್ತು. ಆಚೆ ದಡದ ಹಗ್ಗ ನನ್ನ ಕಣ್ಣಿಗೆ ಕಟ್ಟಿತು. ಬರೀರಿ, ಬರೀರಿ ಎಂದು ಮನಸ್ಸಿನಲ್ಲೇ ಗೋಗರೆದೆ. ನನಗೆ ಜೀತವಾದರೆ ಆಗಲಿ, ಎಲ್ಲಿ ಹೋದರೂ ಒಲೆ ಒಲೆಯೇ.

ಕರಣಿಕ ತನಗೆ ಗೊತ್ತಿದ್ದರೂ ಕೇಳಿಯೇ ಬರೆಯಬೇಕೆಂಬುದು ಸಭೆಯ ನೇಮ. ಬಸಪ್ಪನನ್ನೂ ಹಾಗೇ ಕೇಳಿದ್ದರಂತೆ.

“ಹೆಸರು?” ಎಂದರು ನಮ್ಮವರು, ಕಾಗದದಿಂದ ಕಣ್ಣು ತೆಗೆಯದೆ.

“ಚೆನ್ನಾಜಮ್ಮ.”

ಬರೆದುಕೊಂಡರು. ಲೇಖನಿ ಸರಿದ ಸದ್ದು ಕೇಳಿಸಿತು. ಆಮೇಲೆ ಲೇಖನಿಯನ್ನು ಎರಡು ಸಲ ಮಸಿಯಲ್ಲಿ ಅದ್ದಿದರು.

“ಗಂಡನ ಹೆಸರು?”

ಆ ಜಾಗದಲ್ಲಿ ಒಂದು ಹೆಸರು ಬಿದ್ದರೆ, ಕಾಯಿದೆಯ ಪ್ರಕಾರ ಆ ಗಂಡನ ನಾಲಿಗೆ ಪರೀಕ್ಷಿಸಲು ದಾಸೇಗೌಡ ಕೆಳಗಿಟ್ಟ ಬಟ್ಟಲನ್ನು ಮತ್ತೆ ಎತ್ತಿಕೊಳ್ಳಬೇಕು. ಮುದ್ದರಂಗಪ್ಪನವರು ನನ್ನನ್ನು ನೋಡಿದರು, ಐದೂ ಜನ ನೋಡಿದರು. ನಾನು ಅವರನ್ನೆಲ್ಲ ಒಂದು ಸಲ ನೋಡಿ, ನಮ್ಮವರ ಬಗ್ಗಿದ ತಲೆಯನ್ನು ನೋಡಿದೆ.

“ಇಲ್ಲ ಅಂತ ಬರ್ಕೊಳ್ಳಿ,” ಎಂದೆ.

ಅಧ್ಯಕ್ಷರು ಬೇಡವೆನ್ನಲಿಲ್ಲ. ದಾಸೇಗೌಡ ಬಟ್ಟಲನ್ನು ಎತ್ತಲಿಲ್ಲ. ನಮ್ಮವರು ತಲೆ ಎತ್ತದೆ, ಹಾಗೇ ಬರೆದುಕೊಂಡರು.